ಅವ್ವ ಕಡಿದ ಗುಡ್ಡ

ಎದುರು ಮನೆಯವರು ಸ್ನಾನದ ಹಂಡೆಗೆ ಉರಿ ಹಾಕಿದರೆ ಸಾಕು, ನಮ್ಮ ಮನೆಯೊಳಗೆ ಅವ್ವನ ಮೂಗು ಎದ್ದು ಕೂರುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. "ತೆಂಗಿನ ಮಟ್ಟೆ ಒಗೆ ಕಣವ್ವ ಇದು. ತಂಗಡಿ ಕಡ್ಡಿ ಆಗಿದ್ರೆ ಇಂಗೆ ಕಣ್ಣು ಉರೀತಿರ್ನಿಲ್ಲ" ಎಂದು ಕಾಫಿ ಕುಡಿಯುತ್ತಲೇ ತೀರ್ಪು ಕೊಟ್ಟಳು. ನಂಜನಗೂಡಿನ ನಮ್ಮ ಬೀದಿಯಲ್ಲಿ ಹೊಗೆ ಮೂಸಿ ಮರದ ಹೆಸರು ಹೇಳುವವಳು ಅವಳೊಬ್ಬಳೇ. ನನಗೆ ಹೊಗೆ ಎಂದರೆ ಒಣಹಾಕಿದ ಬಟ್ಟೆಯ ಚಿಂತೆ, ಅಷ್ಟೇ.

ನಮ್ಮೂರು ಹುಲ್ಲಹಳ್ಳಿಯಿಂದಾಚೆ; ನನ್ನ ಮನೆಗೆ ಬಂದು ಇರುವ ಮೊದಲು ಅವ್ವ ಅಲ್ಲೇ ಇದ್ದಳು. ಊರ ಹಿಂದೊಂದು ಗುಡ್ಡ. ನಾನು ಲಂಗ ಉಡುತ್ತಿದ್ದ ಕಾಲಕ್ಕೆ ಅದು ಬೋಳು. ಮೊಣಕಾಲೆತ್ತರದ ತಂಗಡಿ, ಬಂದ್ರೆ ಎಂಬ ಕುರುಚಲು ಗಿಡಗಳು, ನಡುವೆ ಮೇಕೆಗಳು, ಮೇಕೆಗಳ ಹಿಂದೆ ಮಚ್ಚು ಹಿಡಿದ ಹೆಂಗಸರು. ಅಜ್ಜಿಯ ಕಾಲದಲ್ಲಿ ಅಲ್ಲಿ ದಿಂಡಿಗ, ಕಗ್ಗಲಿ ಮರಗಳ ದಟ್ಟ ಕಾಡಿತ್ತಂತೆ. 'ಅಂತೆ' ಎಂದೆ, ಯಾಕೆಂದರೆ ಹಳಬರು ಹೇಳುವ ಕಾಡಿನಲ್ಲಿ ಹುಲಿ ಯಾವಾಗಲೂ ಇದ್ದದ್ದಕ್ಕಿಂತ ಒಂದು ಗೇಣು ಹೆಚ್ಚೇ ಉದ್ದವಿರುತ್ತದೆ.

ಸೌದೆಗೆ ಹೋದ ಅವ್ವನ ಮಚ್ಚನ್ನು ಒಂದು ದಿನ ಫಾರೆಸ್ಟ್ ಗಾರ್ಡ್ ಕಿತ್ತುಕೊಂಡ. "ಚಿಗುರಿದ್ನೆಲ್ಲ ಕಡ್ದು ಕಡ್ದು ಗುಡ್ಡನೇ ಬಂಜೆ ಮಾಡ್ಬುಟ್ರಲ್ಲಮ್ಮ! ಆ ಪಾಪ ಸುಮ್ನೆ ಬುಟ್ಟದಾ?" ಎಂದ. "ಒಲೆಗೆ ನಿನ್ ಮಾತ ಇಕ್ಕಿದ್ರೆ ಇಟ್ಟು ಬೆಂದದಾ?" ಎಂದು ಅವ್ವ ನಕ್ಕಿದ್ದಳು.

ನನಗೆ ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗಲಿಲ್ಲ. ಡಾಕ್ಟರು, ಹರಕೆ ಎಲ್ಲ ಮುಗಿದ ಮೇಲೆ ಒಂದು ದಿನ ಅವ್ವ ಅವರೆಕಾಯಿ ಸುಲಿಯುತ್ತಾ, "ಚಿಗುರ ಕಡ್ದೋಳು ನಾನು, ಅನ್ಬೋಗ್ಸೋಳು ನೀನು" ಎಂದಳು. ನಗುತ್ತಾ ಕೇಳಿದ್ದ ಗಾರ್ಡಿನ ಮಾತು ಅವಳೊಳಗೆ ಇಷ್ಟು ದಿನ ಕೂತಿತ್ತು ನೋಡಿ. ನನಗೆ ಮೈಯೆಲ್ಲ ಉರಿಯಿತು. ನನ್ನ ಹೊಟ್ಟೆಗೂ ನಿನ್ನ ಸೌದೆ ಹೊರೆಗೂ ಏನು ನಂಟು ಎಂದು ಕೂಗಾಡಿದೆ. ಅವ್ವ ಸುಲಿದ ಕಾಳು ಬಾಚಿಕೊಂಡು ಒಳಗೆ ಹೋದಳು. ಆಮೇಲೆ ಊರಿಗೆ ಹೋದಾಗಲೂ ಅವಳು ಗುಡ್ಡದ ಕಡೆ ಮುಖ ಹಾಕಲಿಲ್ಲ.

ಗುಡ್ಡಕ್ಕೆ ಇದ್ಯಾವುದೂ ಗೊತ್ತಿಲ್ಲ. ಮನೆಮನೆಗೆ ಗ್ಯಾಸ್ ಬಂತು, ಮೇಕೆಗಳು ಮಾರಾಟವಾದವು, ಸೌದೆಯ ಕಾಲುದಾರಿ ಮುಚ್ಚಿಹೋಯಿತು. ಮೊದಲು ನುಗ್ಗಿದ್ದು ಲಂಟಾನ. ಅದರ ಹಣ್ಣಿಗೆ ಬಂದ ಹಕ್ಕಿಗಳು ಬೇವಿನ ಬೀಜವನ್ನೂ ಉದುರಿಸಿ ಹೋದವು. ಬೇವು ಎದ್ದು ನೆರಳು ಚೆಲ್ಲಿದ ಕಡೆ ಲಂಟಾನದ ಜೋರು ಇಳಿಯಿತು. ನಾನು ಇದನ್ನೆಲ್ಲ ಕಂಡಿದ್ದು ಆಗೊಮ್ಮೆ ಈಗೊಮ್ಮೆ, ಬಸ್ಸಿನ ಕಿಟಕಿಯಿಂದ. ತಲೆ ನರೆತಂತೆ, ಯಾವತ್ತು ಶುರುವಾಯಿತು ಎಂದರೆ ಹೇಳಲಾರೆ.

ಈ ಸಲ ಯುಗಾದಿಗೆ ಊರಿಗೆ ಹೋದಾಗ ಹಠ ಹಿಡಿದು ಅವ್ವನನ್ನು ಗುಡ್ಡ ಹತ್ತಿಸಿದೆ. ಒಂದು ಬಂಡೆಯ ಪಕ್ಕದ ದಿಂಡಿಗದ ಮರದ ಮುಂದೆ ಅವಳು ನಿಂತುಬಿಟ್ಟಳು. ಒಂದೇ ಬುಡದಿಂದ ಹಿಂಡಾಗಿ ಕಾಂಡಗಳೆದ್ದು ನಮ್ಮ ತಲೆಯ ಮೇಲೆ ಹೋಗಿದ್ದವು. ಕಡಿದ ಬುಡ ಚಿಗುರಿದರೆ ಹಾಗೆಯೇ, ಒಂದಿದ್ದ ಕಡೆ ನಾಲ್ಕು ಏಳುತ್ತವೆ. ಅವ್ವ ಬಗ್ಗಿ ಬುಡ ಸವರಿದಳು. "ಇದು ನಾನೇ ಕಡೀತಿದ್ದುದ್ದು ಕಣವ್ವ. ವರ್ಸ ವರ್ಸ."

"ನೋಡವ್ವ, ಎಷ್ಟು ಚೆನ್ನಾಗಿ ಬೆಳೆದಿದೆ! ಎಲ್ಲಿದೆ ನಿನ್ನ ಪಾಪ?" ಎಂದೆ. ವರ್ಷಗಳ ವಾದ ಗೆದ್ದ ಗತ್ತು ನನಗೆ.

ಅವ್ವನ ಮುಖ ಅರಳಲಿಲ್ಲ. "ಅಂಗಾದ್ರೆ ನಿಂಗ್ಯಾಕವ್ವ ಆಗ್ನಿಲ್ಲ?" ಎಂದಳು.

ಇಷ್ಟು ದಿನ ಅವಳ ಹತ್ತಿರ ಒಂದು ಕಾರಣವಾದರೂ ಇತ್ತು. ಅದನ್ನೂ ನಾನು ಕಿತ್ತುಕೊಂಡಿದ್ದೆ. "ಯಾಕೂ ಇಲ್ಲ ಅವ್ವ. ಆಗ್ಲಿಲ್ಲ, ಅಷ್ಟೇ" ಎಂದೆ. ನಾನೂ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇಬ್ಬರೂ ಆ ಮರದಡಿ ಕೂತು ಚೆನ್ನಾಗಿ ಅತ್ತೆವು. ಅಳು ಮುಗಿದ ಮೇಲೆ ಹಸಿವಾಯಿತು, ಇಳಿದು ಬಂದೆವು.

ಇದನ್ನೆಲ್ಲ ಇವತ್ತು ನಿಮ್ಮ ಮುಂದೆ ತೋಡಿಕೊಳ್ಳುವುದಕ್ಕೆ ಕಾರಣವಿದೆ. ಕಾಫಿಯಾದ ಮೇಲೆ ಬೀದಿಗೆ ಹೊಸಬಳೊಬ್ಬಳು ಸೊಪ್ಪು ಮಾರಲು ಬಂದಳು. ಬಾಗಿಲಲ್ಲಿ ಕೂತಿದ್ದ ಅವ್ವನ ಮುಂದೆ ಬುಟ್ಟಿ ಇಳಿಸಿದವಳೇ, ಒಳಗಿದ್ದ ನನ್ನ ಕಡೆ ಕಣ್ಣು ಹಾಯಿಸಿ, "ನಿಮ್ ಮಗುಳ್ಗೆ ಎಷ್ಟು ಮಕ್ಳಜ್ಜಿ?" ಎಂದಳು. ನಾನು ಅಡುಗೆಮನೆಯಿಂದಲೇ ಕಿವಿಗೊಟ್ಟೆ. ಹಿಂದೆಲ್ಲ ಇಂಥ ಮಾತಿಗೆ ಗಾರ್ಡು, ಮಚ್ಚು, ಗುಡ್ಡದ ಪಾಪ ಎಲ್ಲ ಬಂದು, ಸೊಪ್ಪಿನ ಜೊತೆ ಕಣ್ಣೀರೂ ಒಳಗೆ ಬರುತ್ತಿತ್ತು.

"ಇಲ್ಲ ಕಣವ್ವ, ಆಗ್ನಿಲ್ಲ" ಎಂದಳು ಅವ್ವ. "ಎಲ್ಲಿ, ಆ ದಂಟಿನ ಸೊಪ್ಪೆತ್ತು. ಎಳೇದಾ, ಬಲ್ತದಾ ನೋಡ್ತೀನಿ."