ಹಸಿರು ಪಟ್ಟಾದ ವಿಷಯವಾಗಿ

ಮಾನ್ಯ ಓದುಗರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಕ್ಷೌರದ ಕತ್ತಿಯನ್ನು ಚರ್ಮದ ಮೇಲೆ ಎಳೆದರೆ ‘ಸರಕ್’ ಎನ್ನುತ್ತದೆ, ಹಲಗೆಯ ಮೇಲೆ ಎಳೆದರೆ ‘ಸುಯ್’ ಎನ್ನುತ್ತದೆ. ಇಷ್ಟು ಅಲ್ಪ ಸಂಗತಿಯನ್ನು ತಮ್ಮ ಅವಗಾಹನೆಗೆ ತರಲು ಲೇಖನಿ ಹಿಡಿದದ್ದು ಉದ್ಧಟತನವೆನಿಸಿದರೆ ಕ್ಷಮೆಯಿರಲಿ. ಲಿಂಗಸುಗೂರಿನ ಕಚೇರಿಯಲ್ಲಿ ಕುಳಿತು ಪತ್ರಗಳನ್ನು ಬರೆದ ಹೊರತು ಬೇರೆ ಬರವಣಿಗೆಯ ಪರಿಚಯವಿಲ್ಲದ ನನಗೆ, ‘ಸದರಿ’ ಎಂಬ ಊರುಗೋಲಿಲ್ಲದೆ ವಾಕ್ಯದಲ್ಲಿ ಎರಡು ಹೆಜ್ಜೆ ಇಡಲೂ ಭಯ.

ಸದರಿ ಕತ್ತಿಯು ನನ್ನ ತಾತನದು. ನಿಜಾಮರ ಆಳ್ವಿಕೆ ಮುಗಿದು, ಕಚೇರಿಯ ಕಾಗದಗಳು ಉರ್ದುವಿನಿಂದ ಕನ್ನಡಕ್ಕೆ ತಡವರಿಸುತ್ತ ಹೊರಳುತ್ತಿದ್ದ ಕಾಲದಲ್ಲಿ ಅದು ನನ್ನ ಕೈಗೆ ಬಂತು; ಅದೇ ಕಾಲಕ್ಕೆ ಮಸ್ಕಿಯ ಬಟ್ಟೆ ವ್ಯಾಪಾರಿ ಶಿವಲಿಂಗಪ್ಪನವರ ಮಗಳು ನೀಲಮ್ಮನ ಸಂಬಂಧವೂ ಬಂತು. ಆಕೆಯನ್ನು ಮುದಗಲ್ಲಿನ ಒಂದು ಮದುವೆಯ ಪಂಕ್ತಿಯಲ್ಲಿ ನಾನು ಮೊದಲೇ ಕಂಡಿದ್ದೆ. ಬೇಡವೆಂದು ಎಲೆಯ ಮೇಲೆ ಅಡ್ಡ ಹಿಡಿದ ನನ್ನ ಅಂಗೈಯ ಮೇಲೆಯೇ ಹೋಳಿಗೆ ಇಟ್ಟು ನಕ್ಕು ಹೋಗಿದ್ದಳು. ಹೋಳಿಗೆ ಜೀರ್ಣವಾಯಿತು, ನಗೆ ಆಗಲಿಲ್ಲ. ಆದಕಾರಣ ನಿಶ್ಚಯದ ದಿನ ನುಣುಪಾದ ಮುಖವೊಂದನ್ನು ಆಕೆಯ ಮುಂದೆ ಹಾಜರುಪಡಿಸುವುದು ನನ್ನ ಜೀವನ್ಮರಣದ ಪ್ರಶ್ನೆಯಾಗಿತ್ತು. ಕತ್ತಿಯೋ ಮೊಂಡು, ನನ್ನ ಕೆನ್ನೆಯೋ, ಕೆಂಪು ಶಾಯಿಯಲ್ಲಿ ಗಡಿ ಗುರುತಿಸಿದ ತಾಲ್ಲೂಕಿನ ನಕಾಶೆ.

ಹೈದರಾಬಾದಿನ ಸೋದರಮಾವ ಕರುಣೆಯಿಟ್ಟು, ಅಲಗಿಗೆ ಹೊಳಪು ತರುವ ಹಸಿರು ಮುಲಾಮಿನ ಗಟ್ಟಿಯೊಂದನ್ನು ಕಳಿಸಿದರು. ಯಾವುದರ ಮೇಲೆ ಅದನ್ನು ಸವರಬೇಕೆಂಬುದನ್ನು ಕಳಿಸಲಿಲ್ಲ. ಗೋಡೆಗೆ ಜೋತುಬಿದ್ದ ಚರ್ಮದ ಮೇಲೆ ಸವರಿದರೆ ಚರ್ಮ ಬಳುಕಿ, ಅಲಗಿನ ಅಂಚು ದುಂಡಗಾಗುತ್ತದೆ. ದಪ್ಪ ಬಟ್ಟೆಯಾದರೆ ಅದರ ನೇಯ್ಗೆಯೇ ತಗ್ಗುದಿಬ್ಬ. ಮೇಲಾಗಿ ಹಸಿರು ಹತ್ತಿದ ಪಟ್ಟಿಯಿಂದ ಅದರ ಕಣ ಮತ್ತೆ ಬಿಟ್ಟುಹೋಗದು. ಆದ್ದರಿಂದ ನಿತ್ಯದ ಉಜ್ಜಾಟಕ್ಕೆ ಸಾದಾ ಒಂದು, ಮುಲಾಮಿಗೆ ಬೇರೊಂದು, ಹೀಗೆ ಎರಡು ಬೇಕು. ಈ ಸಿದ್ಧಾಂತವನ್ನು ನಾನು ನನ್ನ ಕೋಣೆಯ ಜೊತೆಗಾರ ಮೌಲಾಸಾಬನಿಗೆ ಊಟದ ಹೊತ್ತಿನಲ್ಲೂ ಬೋಧಿಸುತ್ತಿದ್ದೆ. ಅವನ ಮನೆ ಇದ್ದುದು ಮಸ್ಕಿಯಲ್ಲಿ, ಶಿವಲಿಂಗಪ್ಪನವರ ಅಂಗಡಿಯ ಓಣಿಯಲ್ಲೇ.

ಇಲ್ಲಿ ಒಂದು ಭಾಷಾವಿಚಾರ ಅನಿವಾರ್ಯ. ನಮ್ಮ ಭಾಗದಲ್ಲಿ ಚರ್ಮದ ಪಟ್ಟಿಗೂ ‘ಪಟ್ಟಾ’ ಎನ್ನುತ್ತಾರೆ, ಹೊಲದ ಹಕ್ಕುಪತ್ರಕ್ಕೂ ‘ಪಟ್ಟಾ’ ಎನ್ನುತ್ತಾರೆ. ಸಿಂಧನೂರಿನತ್ತ ನಾಲೆಯ ನೀರು ಬರಲಿದೆಯೆಂದು ಊರೂರೇ ಪುಳಕಗೊಂಡಿದ್ದ ಆ ದಿನಗಳಲ್ಲಿ, ಕ್ಷೌರದ ಪಟ್ಟಾ ಯಾರ ನೆನಪಿಗೂ ಬರುವಂತಿರಲಿಲ್ಲ. ಶಿವಲಿಂಗಪ್ಪನವರಿಗೆ ಆ ಭಾಗದ ವಳಕಮದಿನ್ನಿಯಲ್ಲಿ ಹೊಲವಿತ್ತು. ಅಂಗಡಿಯಲ್ಲಿ ನಡೆದ ಸಂಭಾಷಣೆಯನ್ನು ಮೌಲಾಸಾಬನು ತರುವಾಯ ವರದಿ ಮಾಡಿದ ಪ್ರಕಾರವೇ ನಮೂದಿಸಿದ್ದೇನೆ.

“ಹುಡುಗ ಏನರ ಬೇಕು ಅಂದಾನೇನೋ ಮೌಲಾ?”

“ಏನೂ ಇಲ್ರೀ ಸಾಹುಕಾರ್ರ. ಪಟ್ಟಾದ್ದೊಂದ ಚಿಂತಿ ಹತ್ತೇತಿ ಅವಂಗ.”

“ಪಟ್ಟಾ?”

“ಎರಡು ಬೇಕಂತ್ರೀ. ಒಂದು ಒಣಾದು ಇದ್ರೂ ನಡೀತೈತಿ, ಇನ್ನೊಂದು ಹಸರಿಂದ ಆಗಬೇಕಂತ. ತಗ್ಗು ದಿಬ್ಬ ಇರಬಾರ್ದು, ಹರಳು ಇರಬಾರ್ದು, ಸಪಾಟ ಇರಬೇಕಂತ್ರೀ.”

ಒಂದು ಒಣಬೇಸಾಯದ ಹೊಲ, ಒಂದು ನಾಲೆಯ ಹೊಲ! ಶಿವಲಿಂಗಪ್ಪನವರು ಗಜಕೋಲನ್ನು ಕೆಳಗಿಟ್ಟು ಕುಳಿತುಬಿಟ್ಟರಂತೆ.

ಇದಾವುದರ ಅರಿವೂ ಇಲ್ಲದ ನಾನು ನಿಗದಿಯಾದ ದಿನ, ಕೆನ್ನೆಯ ಹೊಸ ಗಾಯಗಳಿಗೆ ಪಟಿಕ ಒತ್ತಿಕೊಂಡು, ಅಪ್ಪನೊಡನೆ ಮಸ್ಕಿಯ ಬಸ್ಸು ಇಳಿದೆ. ಜಗುಲಿಯ ಮೇಲೆ ಕುಳಿತಿದ್ದ ಶಿವಲಿಂಗಪ್ಪನವರು ನೀರು ಕೊಡುವ ಮೊದಲೇ ಮಾತಿನೇಟು ಕೊಟ್ಟರು.

“ನೋಡಪಾ, ಮಗಳನ್ನ ಕೊಡ್ತೀನಿ ಅಂದಿದ್ದೆ. ಪಟ್ಟಾ ಗಿಟ್ಟಾ ಅಂತ ಬಾಯಿ ಬಿಟ್ರ ಬಂದ ಬಸ್ಸಿಗೇ ತಿರುಗಿ ಹೋಗ್ರಿ.”

ಶಿವಭಕ್ತರ ಮನೆ, ಚರ್ಮದ ಮಾತು ಮೈಲಿಗೆಯಾಯಿತೇನೋ ಎಂದು ತರ್ಕಿಸಿ, ನೀಲಮ್ಮನನ್ನು ಕಳೆದುಕೊಳ್ಳುವ ಗಾಬರಿಯಲ್ಲಿ ತೊದಲಿದೆ:

“ಸಿಟ್ಟಾಗಬ್ಯಾಡ್ರೀ. ನಾ ಕೇಳಿದ್ದು ಭಾಳ ಅಲ್ರೀ. ಮೂರು ಬೊಟ್ಟು ಅಗಲ ಇದ್ರ ಸಾಕು.”

“ಮೂರು ಬೊಟ್ಟಿನಾಗ ಏನ್ ಬೆಳೀತಿ?”

“ಒಂದು ತುದಿ ಕಿಟಕಿಗೆ ಕಟ್ಟಿ, ಇನ್ನೊಂದು ತುದಿ ಕೈಯಾಗ ಜಗ್ಗಿ ಹಿಡೀತೀನ್ರೀ.”

“ಹೊಲಾನ ಕಿಟಕಿಗೆ ಕಟ್ಟತೀಯೇನಲೇ!”

ಅಪ್ಪ ನನ್ನನ್ನು ನೋಡಿದರು. ನಾನು ಕಿಟಕಿಯನ್ನು ನೋಡಿದೆ. ಅಷ್ಟರಲ್ಲಿ ಕದದ ಹಿಂದಿನಿಂದ ಮುದಗಲ್ಲಿನ ಆ ನಗೆಯೇ, ಈ ಸಲ ಯಾವ ಹೋಳಿಗೆಯ ನೆಪವೂ ಇಲ್ಲದೆ, ಬಳೆಗಳ ಸಮೇತ ಸಿಡಿಯಿತು.

“ಯಪ್ಪಾ, ಅವರ ಗಲ್ಲ ನೋಡ ಒಂದೀಟು! ಕ್ವಾಣ ಹೊಕ್ಕ ಹೊಲ ಆಗೇತಿ. ಅವರು ಕೇಳಾಕತ್ತಿದ್ದು ಕತ್ತಿ ಉಜ್ಜೋ ಪಟ್ಟಾ!”

ಶಿವಲಿಂಗಪ್ಪನವರ ಹೊಟ್ಟೆ ಮೊದಲು ನಕ್ಕಿತು, ಆಮೇಲೆ ಮೀಸೆ, ಕಟ್ಟಕಡೆಗೆ ಬಾಯಿ. ಕಣ್ಣೊರೆಸಿಕೊಳ್ಳುತ್ತ ಅಂಗಡಿಗೆ ನಡೆದು, ಗಿರಾಕಿಗಳಿಗೆ ತೋರಿಸಲೆಂದು ತೆಗೆದಿಟ್ಟಿದ್ದ ಥಾನೊಂದನ್ನು ಬಿಚ್ಚಿ ಬಿಚ್ಚಿ, ಬಟ್ಟೆಯ ಗರ್ಭದಲ್ಲಿದ್ದ ತೆಳುವಾದ ಹಲಗೆಯನ್ನು ಹೊರತೆಗೆದು ನನ್ನ ಕೈಗಿತ್ತರು.

“ತಗೋ ಅಳಿಯಾ. ತಗ್ಗಿಲ್ಲ, ದಿಬ್ಬಿಲ್ಲ. ಎಷ್ಟರ ಹಸರು ಬೆಳಕೋ!”

‘ಅಳಿಯಾ’ ಎಂಬ ಆ ಸಂಬೋಧನೆಯಷ್ಟು ಸ್ಪಷ್ಟವಾದ ಮಂಜೂರಾತಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ.

ಆ ಹಲಗೆಯೇ ಇಂದಿಗೂ ನನ್ನ ಮುಲಾಮಿನ ನೆಲೆ. ಬಳುಕದ ಅದರ ಮೈಮೇಲೆ ಅಲಗು ಹರಿತವಾಗುತ್ತದೆ; ಅನಂತರ ತಾತನ ಮೆತ್ತನೆಯ ಚರ್ಮದ ಮೇಲೆ ಅದೇ ಅಲಗು ವಿನಯ ಕಲಿಯುತ್ತದೆ. ಶಿವಲಿಂಗಪ್ಪನವರ ಮನೆಯಲ್ಲಿ ನನಗಾದದ್ದೂ ಇದೇ ಕ್ರಮದಲ್ಲಿ: ಮೊದಲು ಬಳುಕದ ಬೆದರಿಕೆ, ಅನಂತರ ಮೆತ್ತನೆಯ ‘ಅಳಿಯಾ’. ಪದಗಳ ಸ್ವಭಾವವೂ ಬಹುಶಃ ಹೀಗೆಯೇ: ಒಮ್ಮೆ ಹತ್ತಿದ ಕಣ ಬಿಡದು. ಕಚೇರಿಯಲ್ಲಿ ಯಾರು ಎಷ್ಟೇ ಗಂಭೀರವಾಗಿ ‘ಪಟ್ಟಾ’ ಎಂದರೂ ನನಗೆ ಕೇಳಿಸುವುದು ಬಳೆಗಳ ಸದ್ದು.

ಈಗ ಮುಂಜಾನೆ ‘ಸುಯ್’ ಮುಗಿದು ‘ಸರಕ್’ ಆರಂಭವಾಗುವ ಹೊತ್ತಿಗೆ ಅಡುಗೆಮನೆಯಿಂದ ಮೂರನೆಯ ಸದ್ದೊಂದು ಬರುತ್ತದೆ: “ಹೊಲಕ್ಕ ಹೋಗೀರೇನ್ರೀ?” ಸದರಿ ಹೊಲದಲ್ಲಿ ಇಂದಿನ ಕಟಾವು ರಕ್ತಪಾತವಿಲ್ಲದೆ ಪೂರೈಸಿದೆಯೆಂಬುದನ್ನು ಮಾನ್ಯ ಓದುಗರು ದಯಮಾಡಿ ಗಮನಿಸಬೇಕು.