ಉಪ್ಪಿನ ದಾರಿಗೆ ಆಲ್ಬಾನನ ಕಾರು

ಅಕ್ಟೋಬರ್ ಬಂತೆಂದರೆ ದಕ್ಷಿಣ ಜರ್ಮನಿಯ ನಮ್ಮ ಆಲ್ಗಾಯ್ ಬೆಟ್ಟಸೀಮೆಯ ಟೈರಿನಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೇಸಿಗೆಯ ಗಾಲಿ ಬಿಚ್ಚಿಸಿ, ಹಿಮದಲ್ಲಿ ಜಾರದ ಚಳಿಗಾಲದ ಗಾಲಿ ಹಾಕಿಸಿಕೊಳ್ಳದೆ ಇಲ್ಲಿ ಯಾರೂ ನವೆಂಬರಿನ ಮುಖ ನೋಡುವುದಿಲ್ಲ. ಸರತಿ ಬರುವಷ್ಟರಲ್ಲಿ ಬೆಂಚಿನ ಮೇಲೆ ಊರ ಸುದ್ದಿಯೆಲ್ಲ ಹರಿದು ಹಂಚಿಹೋಗಿರುತ್ತದೆ. ಅಂಥ ಒಂದು ಬೆಳಿಗ್ಗೆ ಕ್ರೆಸೆಂಟ್ಸಿಯಾ ವೆಕ್ಸ್, ಊರಿನವರ ಬಾಯಲ್ಲಿ ಅಂಚೆಯ ಕ್ರೆಸೆಂಟ್ಸಿಯಾ, ಮಾಗ್ನುಸ್ ಬೆಸ್ಲರನ ಅಂಗಡಿಗೆ ಬಂದು, ಟೋಪಿಯನ್ನೂ ತೆಗೆಯದೆ, "ಮಾಗ್ನುಸ್, ಆಲ್ಬಾನನ ಪೋರ್ಷೆಗೆ ಚಳಿಗಾಲದ ಗಾಲಿ ಬೇಕು ಕಣೋ" ಅಂದಳು.

ಕಾಫಿ ಕುಡಿಯುತ್ತಿದ್ದ ಹಾಲಿನ ಡೈರಿಯವನು ಲೋಟವನ್ನು ಅರ್ಧಕ್ಕೇ ನಿಲ್ಲಿಸಿದ. ಮಾಗ್ನುಸ್ ಕೈ ಒರೆಸಿಕೊಂಡು ಎದ್ದ.

"ನಿನ್ನ ತಲೆ ನೆಟ್ಟಗಿದೆಯಾ?" ಅಂದ.

"ನೆಟ್ಟಗೇ ಇದೆ. ಗಾಲಿ ಬೇಕು."

ಊರು ಬೆರಗಾದದ್ದರಲ್ಲಿ ತಪ್ಪಿಲ್ಲ. ಅವಳ ಗಂಡ ಆಲ್ಬಾನ್ ವೆಕ್ಸ್ ತಗಡಿನ ಕೆಲಸದವನು. ಈ ಕಣಿವೆಯ ಅರ್ಧ ಮನೆಗಳ ಸೂರಿನ ಮಳೆನೀರ ದೋಣಿ, ಚಿಮಣಿಯ ಸುತ್ತಿನ ತಗಡು, ಚರ್ಚಿನ ಗೋಪುರದ ತಾಮ್ರ ಎಲ್ಲ ಅವನ ಕೈಯದು. ತುಕ್ಕು ಎಂದರೆ ಅವನಿಗೆ ಜನ್ಮವೈರಿ. ಕೆಲಸ ಬಿಟ್ಟ ವರ್ಷ, ಯಾರೋ ವೈದ್ಯರು ಬಳಸಿದ್ದ ಬೆಳ್ಳಿ ಬಣ್ಣದ ಪೋರ್ಷೆಯನ್ನು ಕೊಂಡುತಂದ. ಜೀವಮಾನದಲ್ಲಿ ಅವನು ತನಗೆಂದು ಮಾಡಿಕೊಂಡ ದುಂದು ಅದೊಂದೇ. ಚಳಿಗಾಲದಲ್ಲಿ ಹಿಮ ಕರಗಲೆಂದು ನಮ್ಮ ರಸ್ತೆಗಳಿಗೆ ಸುರಿಯುವ, ತುಕ್ಕು ತರುವ ಉಪ್ಪು ಆ ಕಾರಿಗೆ ತಾಗಕೂಡದೆಂದು, ಅದಕ್ಕೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ನಂಬರ್ ಪ್ಲೇಟನ್ನಷ್ಟೇ ಮಾಡಿಸಿದ್ದ. ಮಿಕ್ಕ ಐದು ತಿಂಗಳು ಅದು ಕಂಬಳಿ ಹೊದ್ದು ಕೊಟ್ಟಿಗೆಯಲ್ಲಿ ಮಲಗುತ್ತಿತ್ತು. ಹೆಂಡತಿಗೆ ಒಮ್ಮೆಯೂ ಕೀಲಿ ಕೊಟ್ಟವನಲ್ಲ. ಅವಳೂ ಕೇಳಿದವಳಲ್ಲ. ಗಂಡಸಿಗೆ ಒಂದು ಆಟಿಕೆ ಇರಲಿ ಬಿಡು ಎಂದುಕೊಂಡು ತನ್ನ ಪುಟ್ಟ ಫಿಯಾಟ್ ಪಾಂಡಾದಲ್ಲಿ ಓಡಾಡಿಕೊಂಡಿದ್ದಳು.

ಅವಳೇನು ಗಾಡಿ ಓಡಿಸಲು ಬಾರದವಳೇ? ಮದುವೆಯಾದಾಗಿನಿಂದ ಪಿಂಚಣಿಯವರೆಗೂ ಹಳದಿ ಅಂಚೆ ವ್ಯಾನಿನಲ್ಲಿ ಮೇಲಿನ ಹಳ್ಳಿಗಳಿಗೆಲ್ಲ ಪತ್ರ ಹಂಚಿದವಳು. ಹಿಮ ಎತ್ತುವ ಗಾಡಿ ಇನ್ನೂ ಏಳದ ಹೊತ್ತಿನಲ್ಲಿ ಅವಳ ಗಾಲಿಯ ಗುರುತು ದಾರಿಯ ಮೇಲೆ ಬಿದ್ದಿರುತ್ತಿತ್ತು. ಶಾಲೆಯ ಬಸ್ಸಿನ ಚಾಲಕ ಆ ಗುರುತು ಹಿಡಿದೇ ಹೋಗುತ್ತಿದ್ದನೆಂದು ಈಗಲೂ ಜನ ಹೇಳುತ್ತಾರೆ. ಅವಳ ಎದುರಿಗೆ ಹೇಳಿದವರು ಮಾತ್ರ ಕಡಿಮೆ. ನಮ್ಮ ಕಡೆ ಹೊಗಳಿಕೆ ಬಾಯಿಂದ ಹೊರಡುವುದು ಕಷ್ಟ. ಬೈಯದೆ ಇದ್ದರೆ ಅದೇ ಹೊಗಳಿಕೆ ಎಂದು ತಿಳಿದುಕೊಳ್ಳಬೇಕು.

ಮೂರು ವರ್ಷದ ಹಿಂದೆ ಆಲ್ಬಾನನಿಗೆ ಮರೆವು ಹಿಡಿಯಿತು. ಮೊದಲು ಸಲಕರಣೆಗಳ ಹೆಸರು ಹೋಯಿತು, ಆಮೇಲೆ ಮನೆಯ ದಾರಿ, ಆಮೇಲೆ ರಾತ್ರಿ ಹಗಲು. ಕಣಿವೆಯ ಆಚೆ, ಓಬರ್‌ಯೋಖ್ ಘಟ್ಟ ದಾಟಿ ಇಳಿದರೆ ಸಿಗುವ ವೃದ್ಧಾಶ್ರಮದಲ್ಲಿ ಅವನಿಗೊಂದು ಕೋಣೆ ಸಿಕ್ಕಿತು. ಬುದ್ಧಿ ಇನ್ನೂ ಸ್ವಲ್ಪ ನೆಟ್ಟಗಿದ್ದ ದಿನಗಳಲ್ಲಿ ಅವನು ಅವಳ ಕೈಹಿಡಿದು ಕೇಳಿಕೊಂಡದ್ದು ಒಂದೇ ಮಾತು. "ಕಾರಿಗೆ ಉಪ್ಪು ತಾಗಿಸಬೇಡ ಸೆನ್ಸಿ." ಅವಳು ಆಗಲಿ ಎಂದು ಮಾತು ಕೊಟ್ಟಿದ್ದಳು. ಅವಳನ್ನು ಸೆನ್ಸಿ ಎಂದು ಕರೆಯುತ್ತಿದ್ದವನು ಅವನೊಬ್ಬನೇ.

ಭಾನುವಾರ ಭಾನುವಾರ ಪಾಂಡಾದಲ್ಲಿ ಹೋಗಿ ಕೂತು ಬರುತ್ತಿದ್ದಳು. ಅವನು ಅವಳನ್ನು ಯಾವುದೋ ಸಂಘದಿಂದ ಬಂದ ಹೆಂಗಸು ಎಂಬಂತೆ ಮರ್ಯಾದೆಯಿಂದ ನೋಡುತ್ತಿದ್ದ. ಈ ಜೂನ್‌ನಲ್ಲಿ ಪಾಂಡಾ ಕೆಟ್ಟು ನಿಂತಿತು. ಭಾನುವಾರ ಹೋಗದೆ ಇರಲಾರದೆ ಅವಳು ಕೊನೆಗೂ ಪೋರ್ಷೆಯ ಕೀಲಿಗೆ ಕೈಹಾಕಿದಳು. ಜೀವ ಕೈಯಲ್ಲಿ ಹಿಡಿದುಕೊಂಡು ಘಟ್ಟ ಇಳಿದು ಆಶ್ರಮದ ಅಂಗಳಕ್ಕೆ ತಿರುಗಿಸಿದಾಗ, ಮೇಲಿನ ತೆರೆದ ಕಿಟಕಿಯಲ್ಲಿ ಆಲ್ಬಾನ್ ನಿಂತಿದ್ದ. ಎಂಜಿನ್ನಿನ ಸದ್ದು ಅವನನ್ನು ಕುರ್ಚಿಯಿಂದ ಎಬ್ಬಿಸಿತ್ತು.

"ಸೆನ್ಸಿ! ಮೂರನೇ ಗೇರಲ್ಲಿ ಅಷ್ಟು ಎಳೀಬೇಡ್ವೇ, ಅದೇನು ನಿನ್ನ ಅಂಚೆ ವ್ಯಾನಾ?" ಎಂದು ಮೇಲಿನಿಂದಲೇ ಕೂಗಿದ.

ಅವಳು ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಅತ್ತುಬಿಟ್ಟಳು. ಆಮೇಲೆ ಪಾಂಡಾ ರಿಪೇರಿಯಾಯಿತು, ಆದರೆ ಭಾನುವಾರ ಅದನ್ನು ಮತ್ತೆ ಮುಟ್ಟಲಿಲ್ಲ. ಬೇಸಿಗೆಯುದ್ದಕ್ಕೂ ಪ್ರತಿ ವಾರ ಒಂದು ಗಂಟೆಯ ಮಟ್ಟಿಗೆ ಅವಳಿಗೆ ಗಂಡ ಸಿಗುತ್ತಿದ್ದ. ಈಗ ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಕಾರು ಕೊಟ್ಟಿಗೆ ಸೇರಬೇಕಾದ ಕಾಲ.

ಇದಿಷ್ಟನ್ನೂ ಅವಳು ಅಂಗಡಿಯ ಬೆಂಚಿನ ಮುಂದೆ ಹೇಳಲಿಲ್ಲ. ಮಾಗ್ನುಸ್ ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದ ಮೇಲೆ, ಊರವರ ಬೇಸಿಗೆ ಗಾಲಿಗಳನ್ನು ಪೇರಿಸಿಟ್ಟ ಚೌಕಟ್ಟುಗಳ ನಡುವೆ ನಿಂತು ಹೇಳಿದಳು. ಮಾಗ್ನುಸ್ ಆಲ್ಬಾನನ ಜೊತೆ ಬೇಟೆಗೆ ಹೋಗುತ್ತಿದ್ದವನು. ಆ ಕಾರಿನ ಪ್ರತಿಯೊಂದು ಸ್ಕ್ರೂವಿನ ಪರಿಚಯವೂ ಅವನಿಗಿತ್ತು.

"ಅವನಿಗೆ ಮಾತು ಕೊಟ್ಟಿದ್ದೆ ನೀನು," ಅಂದ. "ನಾಲ್ಕೇ ಚಳಿಗಾಲ ಸಾಕು, ಅಡಿಯೆಲ್ಲ ತಿಂದು ಹಾಕುತ್ತೆ ಉಪ್ಪು."

"ಕಾರು ಉಳಿಸ್ಕೊಂಡು ನಾನೇನು ಮಾಡ್ಲಿ, ಹೇಳು? ಏಪ್ರಿಲ್‌ಗೆ ಕಂಬಳಿ ತೆಗೆದರೆ ಕಾರು ಹೊಳೀತಾ ಇರುತ್ತೆ. ನನ್ನ ಹೆಸರು ಅವನ ಬಾಯಿಂದ ಹೋಗಿರುತ್ತೆ."

ಮಾಗ್ನುಸ್ ಕತ್ತು ಕೆರೆದುಕೊಂಡ. ಆಮೇಲೆ ವ್ಯಾಪಾರದ ದನಿಗೆ ಬಂದ. "ಸರಿ. ಈಗಿರೋ ರಿಮ್ಮು ಇಪ್ಪತ್ತು ಇಂಚಿಂದು. ಅದೇ ಅಳತೇಲಿ ಚಳಿಗಾಲದ್ದೂ ಸಿಗುತ್ತೆ. ಕಾರಿಗೆ ಒಪ್ಪುತ್ತೆ."

"ಒಪ್ಪೋದು ಕಟ್ಕೊಂಡು ಏನಾಗ್ಬೇಕು? ಅಗಲ ಟೈರು ಹಿಮದ ಮೇಲೆ ತೇಲುತ್ತೆ, ಸಪೂರದ್ದು ಕೆಳಗಿನ ನೆಲ ಕಚ್ಚುತ್ತೆ. ಸಣ್ಣ ರಿಮ್ಮಿಗೇ ಸಪೂರ ಟೈರು ಬರೋದು, ಹದಿನೆಂಟು ಇಂಚಿಂದು ಹಾಕು."

"ಬಾ ಇಲ್ಲಿ." ಅವನು ಒಂದು ಹದಿನೆಂಟು ಇಂಚಿನ ರಿಮ್ ಉರುಳಿಸಿಕೊಂಡು ಹೋಗಿ, ಅಂಗಳದಲ್ಲಿದ್ದ ಪೋರ್ಷೆಯ ಮುಂದಿನ ಗಾಲಿ ಬಿಚ್ಚಿ ಇಟ್ಟುನೋಡಿದ. ರಿಮ್ ಒಳಗೆ ಹೋಗದೆ ಬ್ರೇಕಿನ ಬಿಲ್ಲೆಯನ್ನು ಕಚ್ಚುವ ಇಕ್ಕಳಕ್ಕೆ ತಾಗಿ ನಿಂತಿತು. "ನೋಡಿದ್ಯಾ? ಇದರ ಬ್ರೇಕು ಊಟದ ತಟ್ಟೆಗಿಂತ ದೊಡ್ಡದು. ನಿನ್ನ ಮಾತು ಹಿಮಕ್ಕೆ ಸರಿ, ಕಾರಿಗೆ ಸರಿಯಿಲ್ಲ."

"ಹಾಗಾದ್ರೆ ಹತ್ತೊಂಬತ್ತು."

"ಹತ್ತೊಂಬತ್ತು. ಕಾರಿನ ಕಾಗದದಲ್ಲಿ ಒಪ್ಪಿರೋದರಲ್ಲೇ ಅತಿ ಸಪೂರದ್ದು. ಪಕ್ಕದ ರಬ್ಬರ್ ಸ್ವಲ್ಪ ಎತ್ತರ ಬರುತ್ತೆ, ಗುಂಡಿಗೆ ಬಿದ್ದರೆ ರಿಮ್ ಉಳಿಯುತ್ತೆ. ಬಣ್ಣ?"

"ತೊಳೆಯೋಕೆ ಸುಲಭ ಇರೋದು ಕೊಡು. ರಿಮ್ಮಿನ ಕಡ್ಡಿಗಳು ಕಡಿಮೆ ಇರಲಿ. ಉಪ್ಪು ಕೂರೋ ಸಂದಿಗೊಂದಿ ಬೇಡ."

ಅಷ್ಟು ಹೇಳುವಾಗ ಅವಳ ದನಿ ಸ್ವಲ್ಪ ಜಾರಿತು. ಕೊಟ್ಟ ಮಾತನ್ನು ಮುರಿಯುತ್ತಿರುವವಳು ತಾನು, ಅದನ್ನು ಆದಷ್ಟು ಮೆತ್ತಗೆ ಮುರಿಯಲು ನೋಡುತ್ತಿದ್ದೇನೆ ಅನ್ನಿಸಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಾಗ್ನುಸ್ ಅದನ್ನು ಕಂಡೂ ಕಾಣದವನಂತೆ ಒಂದು ಸಣ್ಣ ಚೀಟಿ ತಂದು ಡ್ಯಾಶ್‌ಬೋರ್ಡಿಗೆ ಅಂಟಿಸಿದ. ಚಳಿಗಾಲದ ಟೈರು ತಾಳುವ ವೇಗ ಕಾರಿನ ವೇಗಕ್ಕಿಂತ ಕಡಿಮೆಯಿದ್ದರೆ, ಚಾಲಕನ ಕಣ್ಣಿಗೆ ಬೀಳುವಂತೆ ಅದನ್ನು ಅಂಟಿಸಬೇಕೆಂದು ನಮ್ಮಲ್ಲಿ ಕಾನೂನು.

"ಇನ್ನೂರ ನಲವತ್ತು ದಾಟಬೇಡ," ಅಂದ ಗಂಭೀರವಾಗಿ.

"ಆಯ್ತಪ್ಪ. ಚರ್ಚಿಗೆ ಹೋಗೋವಾಗ ಇನ್ನೂರ ಮೂವತ್ತರಲ್ಲೇ ಹೋಗ್ತೀನಿ."

ಅವನು ನಕ್ಕ. ಆಮೇಲೆ ನಗು ಬಿಟ್ಟು, "ತಮಾಷೆ ಸಾಕು, ಕೇಳು. ಇದರ ಎಂಜಿನ್ ಇರೋದು ಹಿಂದೆ. ಏರು ಹತ್ತೋಕೆ ಚೆನ್ನಾಗಿ ಹತ್ತುತ್ತೆ, ನಿನಗೇ ಆಶ್ಚರ್ಯ ಆಗುತ್ತೆ. ಇಳಿಯೋವಾಗ ಮೂತಿ ಹಗುರ. ತಿರುವಿಗೆ ಮುಂಚೇನೇ ನಿಧಾನ ಮಾಡ್ಕೋ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರಿಂದ ಕಾಲು ಎತ್ತಿದ್ಯೋ, ಬಾಲ ನಿನಗಿಂತ ಮುಂಚೆ ಕಣಿವೆ ನೋಡುತ್ತೆ" ಅಂದ. ಅವಳು ಕೇಳದಿದ್ದರೂ ಕಾರಿನ ಹೊಟ್ಟೆಗೆಲ್ಲ ತುಕ್ಕು ತಡೆಯುವ ಮೇಣ ಬಳಿದು ಕೊಟ್ಟ.

ವರ್ಷಪೂರ್ತಿಯ ನಂಬರ್ ಪ್ಲೇಟು ಅವಳ ಕೈಸೇರಿದ ಮೇಲೆ, ನವೆಂಬರಿನ ಎರಡನೇ ಭಾನುವಾರ ಮೊದಲ ದೊಡ್ಡ ಹಿಮ ಬಿತ್ತು. ಅಂದೇ ಹೊಸ ಗಾಲಿಗಳ ಮೊದಲ ಪ್ರಯಾಣ. ಮಾಗ್ನುಸ್ ಹೇಳಿದ್ದು ನಿಜವಾಗಿತ್ತು. ಕಾರು ಏರನ್ನು ಹಟ ಹಿಡಿದವರ ಹಾಗೆ ಹತ್ತಿತು. ಇಳಿಜಾರಿನಲ್ಲಿ ಅವಳ ಪಾದಕ್ಕೆ ಹಳೆಯ ವಿದ್ಯೆ ಮರೆತಿರಲಿಲ್ಲ. ಎಲ್ಲಿ ಹಿಮ ಗಟ್ಟಿ, ಎಲ್ಲಿ ಅಡಿಯಲ್ಲಿ ಮಂಜುಗಡ್ಡೆ ಎಂಬುದು ಆಸನದ ಮೂಲಕವೇ ತಿಳಿಯುತ್ತಿತ್ತು. ಉಪ್ಪಿನ ಕೆಸರು ಗಾಲಿಯ ಗೂಡಿಗೆ ಬಡಿಯುವ ಸದ್ದು ಕೇಳಿದಾಗಲೆಲ್ಲ, "ಕ್ಷಮಿಸು ಆಲ್ಬಾನ್" ಎಂದು ಬಾಯಿಬಿಟ್ಟೇ ಹೇಳಿಕೊಂಡಳು.

ಆಶ್ರಮದ ಅಂಗಳಕ್ಕೆ ತಿರುಗಿಸಿ ತಲೆಯೆತ್ತಿ ನೋಡಿದಳು. ಕಿಟಕಿ ಮುಚ್ಚಿತ್ತು.

ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಗಾಲಿ, ಟೈರು, ನಂಬರ್ ಪ್ಲೇಟು, ಉಪ್ಪು, ಎಲ್ಲವನ್ನೂ ಯೋಚಿಸಿದ್ದಳು. ಚಳಿಗಾಲದಲ್ಲಿ ನಮ್ಮ ಕಿಟಕಿಗಳು ಮೂರು ಪದರದ ಗಾಜು ಬಿಗಿದು ಕೂರುತ್ತವೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಹಿಮ ಬಿದ್ದ ಅಂಗಳ ಸದ್ದನ್ನೆಲ್ಲ ನುಂಗಿಬಿಡುತ್ತದೆ ಎಂಬುದು ಅವಳಂಥವಳಿಗೆ ಗೊತ್ತಿಲ್ಲದ್ದೇ?

ಮೇಲೆ ಹೋದಳು. ಅವನು ಕುರ್ಚಿಯಲ್ಲಿದ್ದ. ಅವಳನ್ನು ನೋಡಿ ವಿನಯದಿಂದ ತಲೆಯಾಡಿಸಿದ. ಆರೈಕೆಯ ಯಾದ್ರಾಂಕಾ, ಕ್ರೊಯೇಷಿಯಾದ ದೊಡ್ಡ ದನಿಯ ಹೆಂಗಸು, ವಿಷಯ ತಿಳಿದು ಕಿಟಕಿ ತೆರೆದಳು. "ಹೋಗಿ, ಇನ್ನೊಂದ್ಸಲ ಸ್ಟಾರ್ಟ್ ಮಾಡಿ ಬನ್ನಿ," ಅಂದಳು. ಕ್ರೆಸೆಂಟ್ಸಿಯಾ ಇಳಿದುಹೋಗಿ ಎಂಜಿನ್ನನ್ನು ಒಂದಲ್ಲ ಎರಡು ಸಲ ಕೂಗಿಸಿದಳು. ಮೇಲಿನಿಂದ ಯಾದ್ರಾಂಕಾ ಕೈಯಾಡಿಸಿ ಇಲ್ಲವೆಂದಳು. ಚಳಿ ಚಳಿ ಎಂದು ಆಲ್ಬಾನ್ ಕಿಟಕಿ ಮುಚ್ಚಿಸುತ್ತಿದ್ದ.

ಹೊಸ ಗಾಲಿ ಹಾಕಿಸಿದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯುವುದು ನಮ್ಮಲ್ಲಿ ಚರ್ಚಿನ ಗಂಟೆಯಷ್ಟೇ ತಪ್ಪದ ರೂಢಿ. ದುಃಖದಲ್ಲೂ ಅವಳು ಅದನ್ನು ಬಿಡಲಿಲ್ಲ. ಘಟ್ಟ ಮತ್ತೆ ಹತ್ತಬೇಕಿತ್ತು. ಮಾಗ್ನುಸ್ ಕೊಟ್ಟಿದ್ದ ಅಳತೆಯ ಸ್ಪ್ಯಾನರ್ ತೆಗೆದು, ಹಿಮದಲ್ಲಿ ಮೊಣಕಾಲೂರಿ, ಮುಂದಿನ ಗಾಲಿಯ ಬೋಲ್ಟುಗಳನ್ನು ಒಂದಾದ ಮೇಲೊಂದು ಬಿಗಿಯತೊಡಗಿದಳು. ಸರಿಯಾದ ಬಿಗಿಗೆ ಬಂದಾಗಲೆಲ್ಲ ಸ್ಪ್ಯಾನರ್ ಕಟಕ್ಕೆನ್ನುತ್ತಿತ್ತು. ಕಣ್ಣಿಗೆ ನೀರು ತುಂಬಿ ಬೋಲ್ಟೇ ಕಾಣುತ್ತಿರಲಿಲ್ಲ.

"ಪಕ್ಕಪಕ್ಕದ್ದು ಬಿಗೀಬಾರದು. ಅಡ್ಡಡ್ಡ ಬಿಗೀಬೇಕು."

ಹಿಂದೆ ಆಲ್ಬಾನ್ ನಿಂತಿದ್ದ. ಊಟಕ್ಕೆ ಮುಂಚಿನ ಗಾಳಿಸೇವನೆಗೆ ಯಾದ್ರಾಂಕಾ ಅವನಿಗೆ ಕೋಟು ತೊಡಿಸಿ ಕರೆತಂದಿದ್ದಳು. ಕ್ರೆಸೆಂಟ್ಸಿಯಾ ತಿರುಗಿ ಅವನ ಮುಖ ನೋಡಿದಳು. ಅಲ್ಲಿ ಅವಳ ಗುರುತಿರಲಿಲ್ಲ.

ಅವನು ಕಾರಿನ ಮೈಮೇಲೆ ಬೆರಳಾಡಿಸಿ, ಬೆರಳಿಗೆ ಅಂಟಿದ ಬಿಳಿಯನ್ನು ಉಜ್ಜಿ ನೋಡಿದ. "ಉಪ್ಪು," ಅಂದ. "ಮನೆಗೆ ಹೋದ ತಕ್ಷಣ ತೊಳೆದುಬಿಡಿ. ನಿಮ್ಮ ಯಜಮಾನರು ನೋಡಿದರೆ ಬೈತಾರೆ."

"ಬೈಯಲಿ ಅಂತಲೇ ಕಾಯ್ತಿದೀನಿ," ಅಂದಳು ಅವಳು.

ಅವನಿಗೆ ಅದು ಕೇಳಿಸಿತೋ ಇಲ್ಲವೋ. "ನನ್ನ ಹತ್ರಾನೂ ಇಂಥದ್ದೇ ಇತ್ತು. ಹೆಂಡತಿ ಕೈಗೆ ಕೊಡಲಿಲ್ಲ. ಅಂಚೆ ವ್ಯಾನು ಓಡಿಸ್ತಿದ್ಲು ಅವಳು. ಈ ಬೆಟ್ಟದಲ್ಲಿ, ಹಿಮದಲ್ಲಿ, ಅವಳ ಥರ ಓಡಿಸೋರು ಇನ್ನೊಬ್ರಿರಲಿಲ್ಲ. ನಾನೂ ಓಡಿಸ್ತಿರಲಿಲ್ಲ."

"ಅವಳಿಗೆ ಹೇಳಿದ್ರಾ ಇದನ್ನ?"

"ಹೇಳಿದ್ರೆ ಕೀಲಿ ಕೇಳ್ತಿರಲಿಲ್ವಾ?" ಎಂದು ನಕ್ಕ. ಹಳೆಯ ಆಲ್ಬಾನನ ಕಳ್ಳ ನಗುವೇ ಅದು. ಆಮೇಲೆ ಮುಖ ಬಾಡಿತು. "ಹೇಳಬೇಕಿತ್ತು. ಬೆಳಗಿನ ಜಾವ ಅವಳು ವ್ಯಾನು ತೆಗೆಯೋ ಸದ್ದು ಕೇಳಿಸ್ಕೊಂಡು ಮಲಗಿರ್ತಿದ್ದೆ. ವಾಪಸ್ ಬರೋತನಕ ನಿದ್ದೆ ಬರ್ತಿರಲಿಲ್ಲ."

ಅಷ್ಟು ವರ್ಷ ಒಂದೇ ಸೂರಿನಡಿ ಬಾಳಿದರೂ ಅವಳಿಗೆ ಇದು ಗೊತ್ತಿರಲಿಲ್ಲ. ಅವಳು ಹೊರಡುವಾಗ ಅವನು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ, ಅಷ್ಟೇ ಅವಳು ಕಂಡದ್ದು. "ಏನು ಅವಳ ಹೆಸರು?" ಎಂದು ಕೇಳಿದಳು.

"ಸೆನ್ಸಿ," ಅಂದ. "ನೀವು ಬೆಟ್ಟದ ಆ ಕಡೆಯೋರಾ? ಎಲ್ಲಾದ್ರೂ ಸಿಕ್ಕಿದ್ರೆ ಅವಳಿಗೆ ಹೇಳಿ."

"ಹೇಳ್ತೀನಿ."

ಅವನು ಕೈಚಾಚಿ ಸ್ಪ್ಯಾನರ್ ತೆಗೆದುಕೊಂಡ. ಯಾದ್ರಾಂಕಾ ತಡೆಯಲು ಬಂದಳು, ಕ್ರೆಸೆಂಟ್ಸಿಯಾ ಕಣ್ಣಲ್ಲೇ ಬೇಡವೆಂದಳು. ಅವಳ ಭುಜದ ಮೇಲೆ ಒಂದು ಕೈ ಊರಿ ಅವನು ಮೆಲ್ಲಗೆ ಹಿಮಕ್ಕೆ ಮೊಣಕಾಲೂರಿದ. ಆ ಕೈ ತೆಗೆಯದೆ, ಮುಂದಿನ ಗಾಲಿಯನ್ನು ಇನ್ನೊಂದು ಕೈಯಿಂದಲೇ ಅಡ್ಡಡ್ಡ, ತಪ್ಪದೆ, ಮತ್ತೆ ಮೊದಲಿಂದ ಬಿಗಿದ. ಅವಳು ಪಕ್ಕದಲ್ಲೇ ಕೂತು, ಎಲ್ಲ ಮುಗಿಯುವವರೆಗೂ ಆ ಕೈಯ ಭಾರವನ್ನು ಭುಜದ ಮೇಲೆ ಹೊತ್ತುಕೊಂಡಿದ್ದಳು.