ಮಗಳ ಹಿಮ್ಮಡಿ ಮತ್ತು ನನ್ನ ಮಾತು

ನಾನು ಮಾತು ಮಾರಿ ಬದುಕಿದವನು. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳನ್ನು ಕೂರಿಸಿ ಸೀರೆ ಬಿಚ್ಚಿ ತೋರಿಸುವುದು ನನ್ನ ಕೆಲಸ. ಸುಮ್ಮನೆ ನೋಡಿ ಹೋಗೋಣ ಎಂದು ಬಂದವರೂ ಕಂಕುಳಲ್ಲಿ ಗಂಟು ಇಟ್ಟುಕೊಂಡೇ ಹೋಗುತ್ತಿದ್ದರು. ಆ ಜಂಬ ನನಗೆ ಸಾಕಷ್ಟಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ನನ್ನ ಮೊದಲ ಮಗಳು ಏಳು ತಿಂಗಳಿಗೇ ಹುಟ್ಟಿಬಿಟ್ಟಳು. ಹರಿಹರದ ಮನೆಯಿಂದ ಹೆಂಡತಿಯನ್ನು ಬಾಡಿಗೆ ಕಾರಿನಲ್ಲಿ ದಾವಣಗೆರೆಯ ಆಸ್ಪತ್ರೆಗೆ ತಂದು ಮುಟ್ಟಿಸಿದ್ದೇ ದೊಡ್ಡದಾಯಿತು. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಹೆಂಡತಿ ಜ್ವರ ಬಂದು ಬೇರೆ ವಾರ್ಡಿನಲ್ಲಿ ಉಳಿದಳು. ಮಗಳ ಹಿಮ್ಮಡಿ ಹುಣಸೆ ಬೀಜದಷ್ಟಿತ್ತು.

ನಮ್ಮಲ್ಲಿ ಹುಟ್ಟಿದ ಕೂಸಿನ ಬಲಗಿವಿಯಲ್ಲಿ ಆಜಾನ್ ಹೇಳಬೇಕು. ನಮ್ಮಪ್ಪ ಅದಕ್ಕೆಂದೇ ಕೈಕಾಲು ಮುಖ ತೊಳೆದು ವುಜು ಮಾಡಿಕೊಂಡು, ಟೋಪಿ ಹಾಕಿಕೊಂಡು ಬಂದಿದ್ದರು. ಆದರೆ ಆಸ್ಪತ್ರೆಯವರು ಒಳಗೆ ಕೂಸಿನ ತಂದೆಯನ್ನು ಮಾತ್ರ ಬಿಡುತ್ತೇವೆ ಎಂದರು. ನಾನು ಹೋದಾಗ ಸಿಸ್ಟರ್ ರಕ್ತ ಪರೀಕ್ಷೆಗೆಂದು ಆ ಹಿಮ್ಮಡಿಯನ್ನು ಚುಚ್ಚಿ ಹಿಂಡುತ್ತಿದ್ದರು. ಮಗಳು ಬಾಯಿ ತೆರೆದು ಅಳುತ್ತಿದ್ದಳು, ದನಿ ಮಾತ್ರ ಹೊರಗೆ ಬರುತ್ತಿರಲಿಲ್ಲ.

"ಹೇಳೋದಿದ್ರೆ ಲಗೂನ ಹೇಳ್ರಿ, ಕಿಟಕಿ ಭಾಳ ಹೊತ್ತು ತೆಗೆದಿಡಂಗಿಲ್ಲ," ಎಂದರು ಸಿಸ್ಟರ್.

ಪೆಟ್ಟಿಗೆಯ ದುಂಡು ಕಿಟಕಿಗೆ ಬಾಯಿ ತಂದು ಮೆಲ್ಲಗೆ ಆಜಾನ್ ಹೇಳಿದೆ. ಮುಗಿಯುವ ಹೊತ್ತಿಗೆ ಕೂಸು ಅಲುಗಾಡದೆ ಮಲಗಿತ್ತು. ಸಿಸ್ಟರ್ ಕಣ್ಣರಳಿಸಿದರು.

ಹೊರಗೆ ಬಂದು ಡಾಕ್ಟರನ್ನು ಕೇಳಿದೆ: "ಚುಚ್ಚೋ ಮುಂಚೆ ಮರಗಟ್ಟೋಕೆ ಏನಾರ ಕೊಡಾಕ ಬರಲ್ವೇನ್ರಿ?"

"ಅಂಥ ಔಷಧಿ ಕೊಟ್ರೆ ಉಸಿರೇ ನಿಂತುಬಿಡ್ತೈತೆ," ಎಂದರು. "ಅದೂ ಅಲ್ದೆ ಇಷ್ಟು ಸಣ್ಣ ಕೂಸಿಗೆ ನೋವು ಗೊತ್ತಾಗಲ್ರೀ. ನರ ಇನ್ನೂ ಬಲಿತಿಲ್ಲ."

ಓದಿದವರು ಹೇಳಿದ ಮೇಲೆ ಮುಗಿಯಿತು. ಆ ಕಾಲಕ್ಕೆ ಎಲ್ಲ ಡಾಕ್ಟರೂ ಅದನ್ನೇ ನಂಬಿದ್ದರಂತೆ. ನನಗೂ ಅದು ಹಿತವಾಗಿಯೇ ಕೇಳಿಸಿತು.

ಆದರೆ ಸಿಸ್ಟರ್ ನನ್ನನ್ನು ಬಿಡಲಿಲ್ಲ. ಸೂಜಿ ಹಿಡಿಯುವಾಗಲೆಲ್ಲ, "ಬರ್ರಿ, ನೀವು ಮಾತಾಡಿದ್ರೆ ಸುಮ್ನಿರ್ತಾಳೆ," ಎಂದು ಕರೆಯುತ್ತಿದ್ದರು. ಅಂಗಡಿಗೆ ಹೋಗುವ ಮುಂಚೆ ದಿನವೂ ಆ ಕಿಟಕಿಗೆ ಬಾಗುತ್ತಿದ್ದೆ. ಕೂಸಿನ ಜೊತೆ ಏನು ಮಾತಾಡಬೇಕೋ ತಿಳಿಯದೆ ನನಗೆ ಬರುವುದನ್ನೇ ಆಡಿದೆ. "ಬರ್ರಿ ಅವ್ವಾರ, ಕೂಡ್ರಿ. ಇಳಕಲ್ ತೋರಿಸ್ಲೇನು? ಬಣ್ಣ ಹೋದ್ರೆ ನನ್ನ ಕೇಳ್ರಿ." ಸಿಸ್ಟರ್ ನಗುತ್ತ ಚುಚ್ಚುತ್ತಿದ್ದರು. ಮಗಳು ಮರದ ಗೊಂಬೆಯಂತೆ ಸುಮ್ಮನಾಗುತ್ತಿದ್ದಳು. ಅವಳು ಎಚ್ಚರವಿದ್ದಾಗ ನನ್ನನ್ನು ಒಳಗೆ ಬಿಡುತ್ತಿದ್ದುದು ಆ ಹೊತ್ತಿಗೆ ಮಾತ್ರ. ನನ್ನ ಮಾತಿಗೆ ಮಗಳೂ ಮರುಳಾಗಿದ್ದಾಳೆ ಎಂದು ಅಂಗಡಿಯಲ್ಲಿ ಕಂಡಕಂಡವರ ಮುಂದೆ ಕೊಚ್ಚಿಕೊಂಡೆ.

ಅಂತೂ ಮಗಳು ಮನೆಗೆ ಬಂದಳು. ನೋಡಲು ನೆಂಟರು ಸೇರಿದ ದಿನ ನಾನು ತೊಟ್ಟಿಲ ಮೇಲೆ ಬಾಗಿ, "ಬರ್ರಿ ಅವ್ವಾರ," ಎಂದೆ. ಮಗಳು ಎರಡೂ ಕಾಲುಗಳನ್ನು ಹೊಟ್ಟೆಗೆ ಮುದುರಿಕೊಂಡು ಉಸಿರು ಹಿಡಿದು ಬಿಗಿಯಾದಳು. ಎಲ್ಲರೂ, "ಅಪ್ಪನ ಮಾತು ಕೇಳ್ತಾಳೆ ನೋಡು," ಎಂದು ನಕ್ಕರು. ನಾನೂ ನಕ್ಕೆ. ಹೆಂಡತಿ ನಗಲಿಲ್ಲ.

ನೆಂಟರು ಹೋದ ಮೇಲೆ ಅವಳು ನಮ್ಮ ಮನೆಯ ಉರ್ದುವಿನಲ್ಲಿ ಹೇಳಿದ್ದು ಇಷ್ಟೇ: ನೀವು ಮಾತಾಡಿದಾಗ ಮಾತ್ರ ಹೀಗೆ ಮಾಡುತ್ತಾಳೆ, ಬೇರೆ ಯಾರು ಮಾತಾಡಿದರೂ ಇಲ್ಲ.

ನಾನು ನಂಬಲಿಲ್ಲ, ರೇಗಿದೆ. ಮಾರನೆಯ ದಿನ ಹೊರಗೆ ಕಟ್ಟೆಯ ಮೇಲೆ ನಿಂತು ಪಕ್ಕದ ಮನೆಯವರೊಡನೆ ಬಸ್ಸಿನ ಸುದ್ದಿ ಆಡಿ ಒಳಗೆ ಬಂದೆ. ಹೆಂಡತಿ ಕೂಸಿಗೆ ಹೊದಿಸಿದ್ದ ದುಪ್ಪಟಿ ಸರಿಸಿ ತೋರಿಸಿದಳು. ಕಾಲುಗಳು ಇನ್ನೂ ಮುದುರಿಕೊಂಡೇ ಇದ್ದವು. ಗೋಡೆಯಾಚೆಯ ದನಿಯನ್ನೂ ಮಗಳು ಗುರುತು ಹಿಡಿದಿದ್ದಳು. ನಾನು ಮಾತಾಡಿದರೆ ಸೂಜಿ ಬರುತ್ತದೆ ಎಂಬುದನ್ನು ಆ ಪೆಟ್ಟಿಗೆಯಲ್ಲೇ ಕಲಿತಿದ್ದಳು. ನರ ಬಲಿಯದ ಕೂಸು! ನಾನು ಸಮಾಧಾನ ಎಂದುಕೊಂಡಿದ್ದು ಅವಳ ಹೆದರಿಕೆ. ಅಂಗಡಿಯಲ್ಲಿ ಕೊಚ್ಚಿಕೊಂಡ ಒಂದೊಂದು ಮಾತೂ ನೆನಪಾಗಿ ನಾಚಿಕೆಯಿಂದ ಹಿಡಿಯಷ್ಟಾದೆ. ಹೆಂಡತಿಯ ಮುಖ ನೋಡಲಾಗದೆ ಹಿತ್ತಲಿಗೆ ಹೋಗಿ ಕೂತೆ.

ಆಮೇಲೆ ಮನೆಯಲ್ಲಿ ಕೈಸನ್ನೆ ಮಾಡುತ್ತ ಓಡಾಡಿದೆ. ಇಡೀ ದಿನ ಊರಿಗೆಲ್ಲ ಮಾತಾಡಿ, ಸಂಜೆ ಸ್ವಂತ ಮನೆಯ ಹೊಸ್ತಿಲಲ್ಲಿ ಬಾಯಿ ಹೊಲಿದುಕೊಳ್ಳುತ್ತಿದ್ದೆ. ಮಗಳು ಮಲಗಿದಾಗ ಆ ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂರುತ್ತಿದ್ದೆ. ಚುಚ್ಚಿದ ಕಲೆಗಳು ರಾಗಿಕಾಳಿನಂತೆ ಕೈಗೆ ಸಿಗುತ್ತಿದ್ದವು.

ಮುಂದೆ ಮಗಳನ್ನು ತೋರಿಸಲು ಆಸ್ಪತ್ರೆಗೆ ಕರೆದೊಯ್ದಾಗ ಮತ್ತೆ ರಕ್ತ ಬೇಕು ಎಂದರು. ಸಿಸ್ಟರಿಗೆ ನನ್ನನ್ನು ಕಂಡು ಖುಷಿಯೋ ಖುಷಿ. "ಬಂದ್ರಲ್ಲ ಮಾತಿನಮಲ್ಲ! ಶುರು ಮಾಡ್ರಿ."

ನಾನು ಬಾಯಿ ಬಿಡಲಿಲ್ಲ.

"ಯಾಕ್ರಿ, ಅಪ್ಪಗೆ ಇವತ್ತು ಬಾಯಿ ಇಲ್ವೇನು?"

ತಲೆ ತಗ್ಗಿಸಿ ನಿಂತೆ. ಹೆಂಡತಿ ಕೂಸನ್ನು ಎದೆಗೆ ಒತ್ತಿಕೊಂಡಳು. ಸೂಜಿ ಚುಚ್ಚಿದೊಡನೆ ಮಗಳು ಕಿಟಾರನೆ ಕಿರುಚಿದಳು. ಸೂಜಿಗೆ ಅವಳು ಅಷ್ಟು ಜೋರಾಗಿ ಅತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ವರಾಂಡದ ಹೆಂಗಸರೆಲ್ಲ ಇಣುಕಿದರು. "ಎಂಥಾ ಗಂಡಸಪ್ಪ, ಕಂಬ ನಿಂತಂಗೆ ನಿಂತಾನೆ," ಎಂದಳು ಒಬ್ಬಳು. ಡಾಕ್ಟರು ನಗುತ್ತ, "ನೋಡ್ರಿ, ಈಗ ನೋವು ಗೊತ್ತಾಗಾಕ ಹತ್ತೈತೆ. ಬೆಳೆದಾಳೆ," ಎಂದರು.

ಅದಕ್ಕೂ ನಾನು ಮಾತಾಡಲಿಲ್ಲ. ಅಳುವಷ್ಟು ಅಳಲಿ ಎಂದು, ಚುಚ್ಚದ ಇನ್ನೊಂದು ಕಾಲನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತೆ. ಆ ಕಾಲನ್ನು ಅವಳು ಎಳೆದುಕೊಳ್ಳಲಿಲ್ಲ.